ಬ್ರೇಕಮ್ಮನ ಚಿಟಿಕೆ

ಅವಳಿಗೆ ಬ್ರೇಕಮ್ಮ ಎಂದು ಹೆಸರಿಟ್ಟವರು ಅವಳ ಬಳಿ ಕಾರು ಕಲಿತವರು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಅವಳಷ್ಟು ನಯವಾಗಿ ಒತ್ತುವವರು ಇಡೀ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಕಲಿಯುತ್ತಿದ್ದವನು ಗಾಡಿಯನ್ನು ತಾನೇ ನಿಲ್ಲಿಸಿದೆನೆಂದು ಮೀಸೆ ತಿರುವುತ್ತಿದ್ದ. ನಿಜಕ್ಕೂ ನಿಲ್ಲಿಸಿದವಳು ಪಕ್ಕದಲ್ಲಿ ಪೆಪ್ಪರ್‌ಮೆಂಟು ಚೀಪುತ್ತ, ಏನೂ ಗೊತ್ತಿಲ್ಲದವಳ ಹಾಗೆ ಕಿಟಕಿಯಾಚೆ ನೋಡುತ್ತ ಕೂತಿರುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಅವಳು ಯಾರ ಮೇಲೂ ದನಿ ಎತ್ತಿದ್ದಿಲ್ಲ. "ಕೂಗಿದ್ರೆ ಅವರ ಕಾಲು ನಡುಗುತ್ತೆ. ಕಾಲು ನಡುಗಿದ್ರೆ ಕಾರು ನಡುಗುತ್ತೆ. ಒಳಗೆ ಕೂತಿರೋಳು ನಾನೇ ತಾನೇ?" ಎನ್ನುತ್ತಿದ್ದಳು.

ಈ ವಿದ್ಯೆ ಅವಳಿಗೆ ಬಂದದ್ದು ಅಪ್ಪನಿಂದ. ಅವನು ಬೀರು, ಮಂಚ, ಮೇಜುಗಳನ್ನು ಮನೆಮನೆಗೆ ತಲುಪಿಸುವ ಲಾರಿಯ ಡ್ರೈವರು. ಗಂಡುಮಕ್ಕಳಿಲ್ಲವೆಂದು ಕೊರಗುವವನಲ್ಲ, ಮಗಳನ್ನೇ ಎರಡು ದಿಂಬಿನ ಮೇಲೆ ಕೂರಿಸಿ ಸ್ಟೀರಿಂಗ್ ಕೈಗೆ ಕೊಟ್ಟಿದ್ದ. ಅವಳು ಮುಂದೆ ಕಾರು ಕಲಿಸುವವಳಾದಾಗ ನೆಂಟರು ಮೂಗು ಮುರಿದರು. ಆಮೇಲೆ ಒಬ್ಬೊಬ್ಬರಾಗಿ ಅವಳ ಬಳಿಯೇ ಕಲಿಯಲು ಬಂದರು.

ಗಂಡ ಸಿಕ್ಕಿದ್ದೂ ಆ ಕಾರಿನಲ್ಲೇ. ಅವನು ಬ್ರೆಡ್ಡು, ಬನ್ನು ಸುಡುವ ಬೇಕರಿಯವನು. ದಿನವಿಡೀ ಹಿಟ್ಟು ನಾದಿದ ಕೈ ಸ್ಟೀರಿಂಗನ್ನೂ ನಾದುತ್ತಿತ್ತು. ಪರೀಕ್ಷೆಯಲ್ಲಿ ಒಮ್ಮೆ ನಪಾಸಾದ, ಇನ್ನೊಮ್ಮೆಯೂ ನಪಾಸಾದ. ಎರಡನೇ ಸಲ ಸೋತ ಮರುದಿನ ಬಿಸಿ ಬ್ರೆಡ್ಡೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಅವಳ ಕಚೇರಿಗೆ ಬಂದು ನಿಂತ. "ನಂಗೆ ಗಾಡಿ ಓಡ್ಸೋಕೆ ಬರಲ್ಲ ಅಂತ ಇಬ್ಬರಿಗೂ ಗೊತ್ತಾಯ್ತು. ಹಾಗಂತ ನಾಳೆಯಿಂದ ಇಲ್ಲಿಗೆ ಬರದೇ ಇರೋಕೂ ಆಗ್ತಿಲ್ಲ. ಏನ್ಮಾಡೋಣ?" ಎಂದ. ಅವಳು ಬ್ರೆಡ್ಡಿನ ತುದಿ ಮುರಿದು ಬಾಯಿಗೆ ಹಾಕಿಕೊಂಡು ಯೋಚಿಸಿದಳು. ಮದುವೆ ಆಯಿತು.

ಬೇಕರಿಯ ಮೇಲಿನ ಮನೆಯಲ್ಲಿ ಗಂಡ, ಹೆಂಡತಿ, ಅತ್ತೆ. ಅತ್ತೆಯ ನಾಲಗೆ ಸ್ವಲ್ಪ ಹರಿತ, ಮನಸ್ಸು ಬೆಣ್ಣೆ. ವರ್ಷಗಳು ಉರುಳಿದರೂ ಮಗುವಾಗಲಿಲ್ಲ. ಕೇಳುವವರ ಬಾಯಿಯನ್ನು ಅತ್ತೆಯೇ ಮುಚ್ಚಿಸುತ್ತಿದ್ದಳು: "ನನ್ನ ಸೊಸೆ ಊರಿಗೇ ಪಾಠ ಹೇಳ್ತಾಳೆ, ನಿಮ್ಮ ಪಾಠ ಅವಳಿಗೆ ಬೇಕಾಗಿಲ್ಲ." ಆಸೆಯನ್ನು ಮಡಿಸಿ ಬೀರುವಿನ ತಳಕ್ಕೆ ಸೇರಿಸಿದ ಮೇಲೆ, ನಲವತ್ತರ ಹೊಸ್ತಿಲಲ್ಲಿ, ಬ್ರೇಕಮ್ಮ ಬಸುರಾದಳು. "ತಡವಾದ್ರೂ ಬಸ್ಸು ಬಂತಲ್ಲ ಬಿಡು" ಎಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅಳಲಿಲ್ಲವೆಂದು ತೋರಿಸಲು ಒಲೆಯ ಹೊಗೆಯನ್ನು ಬೈದಳು. ಒಲೆಯೋ, ಗ್ಯಾಸಿನದು.

ತಡವಾಗಿ ಬಂದ ಬಸ್ಸು ಮುಂದೆ ಯಾಕೆ ಅಷ್ಟು ಅವಸರ ಮಾಡಿತೋ. ಐದು ತಿಂಗಳು ಮುಗಿದು ಸ್ವಲ್ಪ ದಿನವಾಗಿತ್ತು. ಒಂದು ಬೆಳಗ್ಗೆ ಅವಳು ಒಬ್ಬ ನಿವೃತ್ತ ಇತಿಹಾಸದ ಮೇಷ್ಟ್ರಿಗೆ ಪಾಠ ಹೇಳುತ್ತಿದ್ದಳು. ಮೇಷ್ಟ್ರು ಅದುವರೆಗೆ ಗೋದಾಮುಗಳ ಹಿಂದಿನ ಬಯಲಿನಲ್ಲಿ ಎರಡನೇ ಗೇರು ದಾಟಿ ಹೋದವರಲ್ಲ. ಬಯಲನ್ನು ಒಂದು ಸುತ್ತು ಬರುವಷ್ಟರಲ್ಲಿ ಅವಳ ಸೊಂಟದಲ್ಲಿ ಏನೋ ಬಿಗಿಯಿತು. ಎರಡನೇ ಸುತ್ತಿನಲ್ಲಿ ಅದು ಮತ್ತೆ ಬಿಗಿದು, ಸೀಟು ಒದ್ದೆಯಾಯಿತು. ಅವಳು ಬಾಯಲ್ಲಿದ್ದ ಪೆಪ್ಪರ್‌ಮೆಂಟನ್ನು ಕಟಕ್ಕನೆ ಕಡಿದಳು.

"ಮೇಷ್ಟ್ರೇ, ಈಗ ಗೇಟಿನಿಂದ ಆಚೆ ತಗೊಳ್ಳಿ."

"ಆಚೆ ಅಂದ್ರೆ ದೊಡ್ಡ ರಸ್ತೆ ಅಲ್ವಾ? ಅದು ಮುಂದಿನ ತಿಂಗಳ ಪಾಠ ಅಂದಿದ್ರಿ!"

"ಪಾಠ ಬದಲಾಯ್ತು. ಆಸ್ಪತ್ರೆಗೆ ಹೋಗ್ಬೇಕು."

"ಯಾರಿಗೇನಾಯ್ತು?"

"ನಂಗೆ. ಕ್ಲಚ್ ಬಿಡಿ, ನಿಧಾನಕ್ಕೆ... ಹಾಂ, ಹಾಗೆ."

ಮೇಷ್ಟ್ರು ಬಿಳಿಚಿಕೊಂಡರು. ಎಷ್ಟೋ ರಾಜರ ದಂಡಯಾತ್ರೆಗಳನ್ನು ಪಾಠ ಮಾಡಿದ್ದ ಮನುಷ್ಯ, ಸ್ವಂತ ದಂಡಯಾತ್ರೆಗೆ ತಯಾರಾಗಿರಲಿಲ್ಲ. ಸಿಗ್ನಲ್ಲಿನಲ್ಲಿ ಗಾಡಿ ಆರಿಹೋಯಿತು. ಹಿಂದಿನವರು ಹಾರನ್ ಬಾರಿಸಿದರು. ಬ್ರೇಕಮ್ಮ ನೋವು ಇಳಿಯುವತನಕ ಉಸಿರು ಬಿಗಿಹಿಡಿದಿದ್ದು, ಎಂದಿನ ದನಿಯಲ್ಲೇ "ಅವರ ಪಾಡಿಗೆ ಅವರು ಬಾರಿಸ್ಲಿ. ನೀವು ಕೀ ತಿರುಗಿಸಿ. ಈಗ ಮೂರನೇ ಗೇರು" ಎಂದಳು.

"ಮೂರನೇದನ್ನ ನಾನಿನ್ನೂ ನೋಡೇ ಇಲ್ಲವಲ್ಲಮ್ಮಾ!"

"ಈಗ ನೋಡಿ."

ಮೇಷ್ಟ್ರು ನೋಡಿದರು. ಆಸ್ಪತ್ರೆಯ ಬಾಗಿಲಿಗೆ ಗಾಡಿಯನ್ನು ಅಡ್ಡಡ್ಡ ನಿಲ್ಲಿಸಿ, ಕೆಳಗಿಳಿದು, ಬೈಯಲು ಓಡಿಬಂದ ಕಾವಲುಗಾರನ ಎರಡೂ ಕೈ ಹಿಡಿದುಕೊಂಡು "ನಿಲ್ಲಿಸೋದು ಇನ್ನೂ ಹೇಳ್ಕೊಟ್ಟಿಲ್ಲಪ್ಪಾ, ಮೊದಲು ಅವರನ್ನ ಇಳಿಸ್ಕೊಳ್ಳಿ!" ಎಂದು ಅತ್ತೇಬಿಟ್ಟರು.

ಹೆರಿಗೆಯ ಡಾಕ್ಟರು ನೋಡಿ, ನೋವನ್ನು ಒಂದೆರಡು ದಿನ ತಡೆಯಬಹುದು, ಅದಕ್ಕಿಂತ ಹೆಚ್ಚು ತಮ್ಮ ಕೈಲಿಲ್ಲ ಎಂದರು. ಹೊಟ್ಟೆಯೊಳಗೆ ಇಪ್ಪತ್ತಮೂರು ವಾರ ತುಂಬಿದ ಮಗು. ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಒಂದು ಇಂಜೆಕ್ಷನ್ ಕೊಟ್ಟರು. ಗಂಡ ತಲೆಗೂದಲಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿಬಂದ. ಹಿಂದೆಯೇ ಅತ್ತೆ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಮಗನದು.

ಆಮೇಲೆ ನವಜಾತ ಶಿಶುಗಳ ಡಾಕ್ಟರು ಬಂದರು. ಕುಳ್ಳಗೆ, ಚುರುಕಾಗಿದ್ದ ಯುವತಿ. ಬಾಗಿಲಲ್ಲೇ ನಿಂತು "ಅಕ್ಕಾ?" ಎಂದರು. ಬ್ರೇಕಮ್ಮ ಆ ನೋವಿನಲ್ಲೂ ನಕ್ಕಳು. ಕೆಲವು ವರ್ಷಗಳ ಹಿಂದೆ ದೀಪದ ಕಂಬಕ್ಕೆ ಗಾಡಿ ಗುದ್ದಿ, ಇಳಿದು ಹೋಗಿ ಕಂಬಕ್ಕೇ ಕ್ಷಮೆ ಕೇಳಿದ್ದ ಶಿಷ್ಯೆ!

"ಗಾಡಿ ಓಡಿಸ್ತಿದೀಯಾ?"

"ಓಡಿಸ್ತೀನಕ್ಕಾ. ಹಿಂದಕ್ಕೆ ಮಾತ್ರ ಇನ್ನೂ ಬರಲ್ಲ."

"ಸರಿ, ಕೂತ್ಕೋ. ಮುಚ್ಚುಮರೆ ಬೇಡ. ಎಲ್ಲಾ ಹೇಳು."

ಡಾಕ್ಟರು ಸ್ಟೂಲು ಎಳೆದುಕೊಂಡು, ಮೂವರ ಮುಖವೂ ಕಾಣುವಂತೆ ಕೂತರು. "ಇದಕ್ಕಿಂತ ಇನ್ನೂ ಮುಂಚೆ ಹುಟ್ಟಿದ್ರೆ, ನಾವು ಏನು ಮಾಡಿದ್ರೂ ಮಗು ಉಳಿಯಲ್ಲ. ಇನ್ನೊಂದೆರಡು ವಾರ ಕಳೆದು ಹುಟ್ಟಿದ್ರೆ ನಿಮ್ಮನ್ನ ಕೇಳ್ತಾ ಕೂರಲ್ಲ, ಮಾಡಬೇಕಾದ್ದನ್ನ ಮಾಡೇ ಮಾಡ್ತೀವಿ. ನೀವಿರೋದು ಮಧ್ಯದಲ್ಲಿ. ಇಲ್ಲಿ ಡಾಕ್ಟರಿಗೆ ಗೊತ್ತಿರೋದು ಸಾಲಲ್ಲ. ಅದಕ್ಕೇ ಕೇಳ್ತೀವಿ."

"ಉಳಿಯೋದು ಎಷ್ಟು?" ಗಂಡ ಕೇಳಿದ.

"ನಮ್ಮಲ್ಲಿ ಇಂಥ ಹತ್ತು ಮಕ್ಕಳು ಬಂದ್ರೆ ಮೂರೋ ನಾಲ್ಕೋ ಮನೆಗೆ ಹೋಗ್ತವೆ. ಹೋದವರಲ್ಲಿ ಕೆಲವರು ಎಲ್ಲರ ಹಾಗೆ ಓಡಾಡ್ಕೊಂಡಿರ್ತಾರೆ. ಕೆಲವರಿಗೆ ಕಣ್ಣು, ಕಿವಿ, ನಡಿಗೆ, ಬುದ್ಧಿ, ಒಂದಲ್ಲ ಒಂದು ತೊಂದರೆ ಉಳಿಯುತ್ತೆ. ನಿಮ್ಮದು ಯಾವುದು ಅಂತ ಈಗಲೇ ಹೇಳ್ತೀನಿ ಅಂದ್ರೆ ಅದು ಸುಳ್ಳು. ತಿಂಗಳುಗಟ್ಟಲೆ ಯಂತ್ರ, ಸೂಜಿ, ನಳಿಕೆ ಇರುತ್ತೆ. ಅದೊಂದು ದಾರಿ."

"ಇನ್ನೊಂದು?"

"ಇನ್ನೊಂದು ಅಂದ್ರೆ ಕೈಬಿಡೋದಲ್ಲ. ಬೆಚ್ಚಗೆ ಸುತ್ತಿ, ನೋವಾಗದ ಹಾಗೆ ನೋಡ್ಕೊಂಡು, ನಿಮ್ಮ ಎದೆ ಮೇಲೆ ಮಲಗಿಸ್ತೀವಿ. ಇರೋಷ್ಟು ಹೊತ್ತು ನಿಮ್ಮ ಹತ್ರಾನೇ ಇರುತ್ತೆ. ಅದೂ ಆರೈಕೆನೇ ಅಕ್ಕಾ. ಅದನ್ನ ಆರಿಸ್ಕೊಂಡ ಅಪ್ಪ ಅಮ್ಮಂದಿರನ್ನ ನಾನು ಎಂದೂ ಕಡಿಮೆ ಅಂದ್ಕೊಂಡಿಲ್ಲ."

ಬ್ರೇಕಮ್ಮ ಅವರನ್ನೇ ನೋಡಿದಳು. "ನಿನ್ನ ಮಗು ಆಗಿದ್ರೆ?"

ಡಾಕ್ಟರು ತಡವರಿಸಿದರು. "ಗೊತ್ತಿಲ್ಲಕ್ಕಾ. ಬೆಳಗ್ಗೆ ಕೇಳಿದ್ರೆ ಒಂದು ಹೇಳ್ತೀನಿ, ಸಂಜೆ ಇನ್ನೊಂದು."

ಆ ಉತ್ತರದಿಂದಲೇ ಬ್ರೇಕಮ್ಮನಿಗೆ ಅವರ ಮೇಲೆ ನಂಬಿಕೆ ಹುಟ್ಟಿತು.

ಡಾಕ್ಟರು ಹೋದ ಮೇಲೆ ಗಂಡ ಹೆಂಡತಿಗೆ ಜಗಳವಾಯಿತು. ಮದುವೆಯಾದ ಮೇಲೆ ಅವರು ಜಗಳವಾಡಿದ್ದೇ ಕಡಿಮೆ. ಅಭ್ಯಾಸವಿಲ್ಲದ್ದರಿಂದ ಇಬ್ಬರಿಗೂ ಸರಿಯಾಗಿ ಆಡಲು ಬರಲಿಲ್ಲ.

"ಮಾಡ್ಸೋಣ" ಎಂದಳು ಅವಳು.

"ಅಷ್ಟು ಚಿಕ್ಕ ಮೈಗೆ ಸೂಜಿ ಚುಚ್ತಾರೆ ಕಣೇ. ಮಾಡೋದು ಅದಕ್ಕೋಸ್ಕರನಾ, ನಮಗೋಸ್ಕರನಾ? ಇಷ್ಟು ವರ್ಷ ಕಾದೆವು ಅಂತ ಅದರ ಕೈಲಿ ಸಾಲ ತೀರಿಸ್ಕೊಳ್ಳೋದಾ?"

"ಹಾಗಾದ್ರೆ ಬಿಟ್ಟುಬಿಡೋಣ ಅಂತೀಯಾ?"

"ನಾನು ಹಾಗಂದ್ನಾ?"

"ಮತ್ತೆ ಏನಂದೆ?"

"ನಂಗೇನು ಗೊತ್ತು? ನಾನು ಬ್ರೆಡ್ ಮಾಡೋನು!"

ಅತ್ತೆ ಅಷ್ಟು ಹೊತ್ತೂ ಕಿಟಕಿಯ ಬಳಿ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಳು. ಆ ಬಾಯಿಗೆ ಬೀಗ ಬಿದ್ದದ್ದನ್ನು ಆ ಮನೆಯವರು ಯಾವತ್ತೂ ಕಂಡಿರಲಿಲ್ಲ. ಈಗ ಬಂದು ಮಂಚದ ಅಂಚಿನಲ್ಲಿ ಕೂತಳು.

"ನಿನಗಿಂತ ಮುಂಚೆ ನಂಗೊಂದು ಆಗಿತ್ತು" ಎಂದಳು ಮಗನಿಗೆ. "ಹೀಗೇ, ದಿನ ತುಂಬದೆ. ಬೆಕ್ಕಿನ ಮರಿ ಕೂಗಿದ ಹಾಗೆ ಒಂದೇ ಒಂದು ಸದ್ದು ಕೇಳ್ತು. ಬಟ್ಟೆಯಲ್ಲಿ ಸುತ್ತಿ ಆಚೆ ತಗೊಂಡು ಹೋದ್ರು. ಗಂಡೋ ಹೆಣ್ಣೋ, ಅದನ್ನೂ ಹೇಳಲಿಲ್ಲ. ನೋಡಿದ್ರೆ ಮನಸ್ಸಿಗೆ ಹಚ್ಕೊಳ್ತಾಳೆ ಅಂದ್ರು. ನೋಡದೇ ಇದ್ರೆ ಹಚ್ಕೊಳ್ಳಲ್ವಾ?"

ಮಗ ತಾಯಿಯ ಕಡೆ ತಿರುಗಿದ. ಅವನು ಈ ಮಾತು ಕೇಳಿದ್ದು ಅದೇ ಮೊದಲು.

"ಇದು ಮಾಡಿ, ಅದು ಮಾಡಿ ಅಂತ ನಾನು ಹೇಳಲ್ಲ. ಆಗ ನನ್ನನ್ನ ಯಾರೂ ಕೇಳಲಿಲ್ಲ. ನಿಮ್ಮನ್ನ ಕೇಳ್ತಿದಾರೆ. ಏನೇ ಮಾಡಿ, ಕಣ್ಣಿಂದ ನೋಡಿ ಮಾಡಿ, ಕೈಯಲ್ಲಿ ಎತ್ಕೊಂಡು ಮಾಡಿ. ಇಬ್ರೂ ಒಟ್ಟಿಗೆ ಮಾಡಿ. ಅಷ್ಟೇ."

ಗಂಡ ಬಹಳ ಹೊತ್ತು ತಾಯಿಯ ಕೈ ಹಿಡಿದು ಕೂತಿದ್ದ. ಆಮೇಲೆ ಹೆಂಡತಿಯ ಕೈಯನ್ನೂ ಹಿಡಿದುಕೊಂಡ. ಸಂಜೆಯ ಹೊತ್ತಿಗೆ ಡಾಕ್ಟರನ್ನು ಕರೆಸಿ ಬ್ರೇಕಮ್ಮ ಇಬ್ಬರ ಮಾತನ್ನೂ ಸೇರಿಸಿ ಹೇಳಿದಳು: "ಹೊರಡೋಣ. ಆದರೆ ಹೊರಟ ಮೇಲೆ ನಿಲ್ಲಿಸಲೇಬಾರದು ಅಂತೇನಿಲ್ಲ. ಅದರ ಮೈ ಸಾಕು ಅಂದ್ರೆ ನೀನು ನಮಗೆ ಹೇಳ್ಬೇಕು. ನಮ್ಮ ಆಸೆಗೆ ಅದನ್ನ ಎಳೆದಾಡಬಾರದು."

"ಹೇಳ್ತೀನಿ" ಎಂದರು ಡಾಕ್ಟರು. "ನೀವು ಕೇಳೋಕೆ ಇಷ್ಟಪಡದ ದಿನವೂ ಹೇಳ್ತೀನಿ."

ಮಗು ಎರಡು ದಿನ ತಡೆದುಕೊಂಡು, ಮೂರನೆಯ ದಿನ ಮಧ್ಯಾಹ್ನ ಹುಟ್ಟಿತು, ಹೆಣ್ಣು. ಒಂದು ಕೀರಲು ದನಿ ಕೇಳಿತು. ಬಾಗಿಲಾಚೆ ನಿಂತಿದ್ದ ಅತ್ತೆಗೂ ಕೇಳಿತು. ಈ ಸಲ ಯಾರೂ ಮಗುವನ್ನು ಮರೆಮಾಚಿ ಒಯ್ಯಲಿಲ್ಲ. ಬಾಯಿಗೆ ನಳಿಕೆ ಇಳಿಸಿ, ಬೆಚ್ಚಗಿನ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ತಾಯಿಯ ಮುಖದ ಹತ್ತಿರ ಒಂದು ಗಳಿಗೆ ಹಿಡಿದು, ಆಮೇಲೆ ಒಯ್ದರು.

"ಐನೂರ ಎಪ್ಪತ್ತು ಗ್ರಾಮು" ಎಂದರು ತೂಕ ನೋಡಿದವರು. ಗಂಡನ ಅಂಗೈ ತಾನಾಗಿ ಬೊಗಸೆಯಾಯಿತು. ಅಷ್ಟು ಹಿಟ್ಟು ಅವನ ಕೈಯಲ್ಲಿ ದಿನವೂ ಎಷ್ಟು ಸಲ ಬಂದು ಹೋಗುತ್ತದೋ. "ಒಂದು ಚಿಟಿಕೆ ಕಣೇ, ಬರೀ ಒಂದು ಚಿಟಿಕೆ" ಎಂದ. ಅಂದಿನಿಂದ ಮಗು ಚಿಟಿಕೆಯಾಯಿತು.

ಚಿಟಿಕೆಯ ಕೋಣೆಯಲ್ಲಿ ಬೆಳಕು ಮಂದ, ಮಾತು ಪಿಸುಪಿಸು. ಗಾಜಿನ ಪೆಟ್ಟಿಗೆಯೊಳಗೆ ಅವಳು ಕೆಂಪಗೆ, ತೇವವಾದ ಎಲೆಯಂತೆ ಮಲಗಿದ್ದಳು. ರೆಪ್ಪೆಗಳಿನ್ನೂ ಬಿಡಿಸಿಕೊಂಡಿರಲಿಲ್ಲ. ಅವಳನ್ನು ನೋಡಿಕೊಳ್ಳುತ್ತಿದ್ದವನು ಆರಡಿ ಮೀರಿದ ಗಂಡು ನರ್ಸು. ಅವನ ಅಂಗೈ ಮಗುವಿಗಿಂತ ದೊಡ್ಡದು. ಅಷ್ಟು ದೊಡ್ಡ ಕೈಯಲ್ಲಿ ಅವನು ಬಳೆಯ ಅಗಲದ ಡೈಪರನ್ನು ಬದಲಿಸುತ್ತಿದ್ದರೆ ಬ್ರೇಕಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಸವರಬೇಡಿ, ಚರ್ಮ ತಾಳಲ್ಲ" ಎಂದು ಅವನು ಹೇಳಿಕೊಟ್ಟ. "ಒಂದು ಕೈ ತಲೆ ಮೇಲೆ, ಒಂದು ಕೈ ಪಾದಕ್ಕೆ. ಸುಮ್ಮನೆ ಇಟ್ಕೊಳ್ಳಿ. ಯಾರೋ ಇದಾರೆ ಅಂತ ಗೊತ್ತಾದ್ರೆ ಸಾಕು."

ಮೂರನೆಯ ದಿನವೋ ನಾಲ್ಕನೆಯ ದಿನವೋ ಅವನು ಇನ್ನೊಂದನ್ನು ಗಮನಿಸಿದ. "ಅಕ್ಕಾ, ನಿಮ್ಮ ಕಾಲಿಗೇನಾಗಿದೆ?"

ಬ್ರೇಕಮ್ಮ ಕೆಳಗೆ ನೋಡಿಕೊಂಡಳು. ಯಂತ್ರ ಕುಂಯ್ ಎಂದಾಗಲೆಲ್ಲ ಅವಳ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅಲ್ಲಿ ಬ್ರೇಕ್ ಎಲ್ಲಿಂದ ಬರಬೇಕು! ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗುತ್ತ ನಗುತ್ತ ಅವಳು ಅತ್ತಳು. ಮಗು ಹುಟ್ಟಿದ ಮೇಲೆ ಅಳಲು ಅವಳಿಗೆ ಅದೇ ಮೊದಲ ಬಿಡುವು.

ಪಕ್ಕದ ಪೆಟ್ಟಿಗೆಯಲ್ಲಿ ಒಬ್ಬ ಎಲೆಕ್ಟ್ರಿಷಿಯನ್ನನ ಮಗನಿದ್ದ, ಚಿಟಿಕೆಯ ಓರಗೆಯವನೇ. ಇಬ್ಬರು ಅಮ್ಮಂದಿರೂ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಒಂದು ದಿನ ಆ ಹುಡುಗನ ತಲೆಯ ಸ್ಕ್ಯಾನಿನಲ್ಲಿ ಎರಡೂ ಕಡೆ ದೊಡ್ಡ ರಕ್ತಸ್ರಾವ ಕಾಣಿಸಿತು. ಶ್ವಾಸಕೋಶವೂ ಸೋಲುತ್ತಿತ್ತು. ಆ ಅಪ್ಪ ಅಮ್ಮ ಡಾಕ್ಟರ ಜೊತೆ ಬಹಳ ಹೊತ್ತು ಕೂತು, ಸಾಕು ಎಂದರು. ದೊಡ್ಡ ಕಿಟಕಿಯಿರುವ ಪಕ್ಕದ ಕೋಣೆಯಲ್ಲಿ ನಳಿಕೆಗಳನ್ನೆಲ್ಲ ತೆಗೆದು, ನೋವಿಗೆ ಔಷಧಿ ಕೊಟ್ಟು, ಮಗನನ್ನು ಅವರ ಕೈಗೆ ಕೊಟ್ಟರು. ಸಂಜೆ ಎಲೆಕ್ಟ್ರಿಷಿಯನ್ ಹೊರಗೆ ಬಂದು ಬ್ರೇಕಮ್ಮನ ಪಕ್ಕ ಕೂತ.

"ಪರದೆ ಸರಿಸಿ ಆಕಾಶ ತೋರಿಸ್ದೆ ಅಕ್ಕಾ. ಕಣ್ಣು ಬಿಟ್ಟಿರಲಿಲ್ಲ. ಆದ್ರೂ ಮುಖದ ಮೇಲೆ ಬಿಸಿಲು ಬಿತ್ತು."

"ಒಳ್ಳೆ ಅಪ್ಪ ನೀನು" ಎಂದಳು ಬ್ರೇಕಮ್ಮ. ಅವನು ಹೆಂಡತಿಯನ್ನು ಕರೆದುಕೊಂಡು ಹೋಗುವಾಗ ಚಿಟಿಕೆಯ ಪೆಟ್ಟಿಗೆಯ ಮುಂದೆ ನಿಂತು, ಗಾಜಿಗೆ ಬೆರಳು ತಾಗಿಸಿ ಹೋದ.

ವಾರ ಕಳೆಯುವಷ್ಟರಲ್ಲಿ ಚಿಟಿಕೆಯ ಸರದಿ ಬಂತು. ಡಾಕ್ಟರು ಸ್ಟೂಲು ಎಳೆದುಕೊಂಡು ಕೂತ ರೀತಿಯಲ್ಲೇ ಬ್ರೇಕಮ್ಮನಿಗೆ ಅರ್ಥವಾಯಿತು.

"ಎಡಗಡೆ ಸ್ವಲ್ಪ ರಕ್ತ ಜಿನುಗಿದೆ. ಅಷ್ಟು ದೊಡ್ಡದಲ್ಲ. ಹಾಗಂತ ಏನೂ ಅಲ್ಲ ಅಂತಾನೂ ಹೇಳಲ್ಲ. ಮುಂದೆ ಬಲಗಾಲೋ ಬಲಗೈಯೋ ಸ್ವಲ್ಪ ಮೊಂಡು ಮಾಡಬಹುದು, ಮಾಡದೆಯೂ ಇರಬಹುದು. ನಿಮ್ಮ ಮಾತು ನಂಗೆ ನೆನಪಿದೆ ಅಕ್ಕಾ. ಹೇಳ್ಬೇಕಾದ ದಿನ ಬಂದ್ರೆ ಹೇಳ್ತೀನಿ. ಇವತ್ತು ಆ ದಿನ ಅಂತ ನಂಗನ್ನಿಸ್ತಿಲ್ಲ. ನಿಮಗೆ?"

ಮೊದಲು ಮಾತಾಡಿದವನು ಗಂಡ. ಸೂಜಿಯ ಹೆಸರು ಕೇಳಿದರೆ ಮುಖ ತಿರುಗಿಸುತ್ತಿದ್ದ ಅದೇ ಮನುಷ್ಯ. "ಮುಂದುವರಿಸಿ ಡಾಕ್ಟ್ರೇ. ಬೆಳಗ್ಗೆ ಅದು ನನ್ನ ಬೆರಳು ಹಿಡಿದಿತ್ತು. ಬಿಡಿಸ್ಕೊಳ್ಳೋಕೆ ಹೋದ್ರೆ ಬಿಡಲಿಲ್ಲ."

ಡಾಕ್ಟರು ನಕ್ಕರು. "ಆ ವಯಸ್ಸಿನ ಎಲ್ಲಾ ಮಕ್ಕಳೂ ಹಿಡೀತವೆ. ಅದೇನೂ ಸಾಕ್ಷಿಯಲ್ಲ. ಆದ್ರೂ ಕೇಳಿ ನಂಗೂ ಖುಷಿಯಾಯ್ತು."

ಆಮೇಲಿನ ಸ್ಕ್ಯಾನುಗಳಲ್ಲಿ ಆ ಕಲೆ ಬೆಳೆಯಲಿಲ್ಲ. ಒಂದು ಬೆಳಗ್ಗೆ ಚಿಟಿಕೆಯ ರೆಪ್ಪೆಗಳು ಬಿಡಿಸಿಕೊಂಡವು. ಎದುರಿಗೆ ಬಾಗಿ ನಿಂತಿದ್ದ ಆನೆಯಂಥ ನರ್ಸನ್ನು ಕಂಡು ಅವಳು ಹಣೆ ಗಂಟಿಕ್ಕಿದಳು. "ಮೊದಲ ನೋಟಕ್ಕೇ ಬೈದ್ಲು!" ಎಂದು ಅವನು ವಾರ್ಡಿಗೆಲ್ಲ ಹೇಳಿಕೊಂಡು ತಿರುಗಿದ.

ನಳಿಕೆಗಳ ಸಮೇತ ಮಗುವನ್ನು ಎತ್ತಿ ಬ್ರೇಕಮ್ಮನ ಎದೆಯ ಮೇಲೆ ಮಲಗಿಸಿದ ದಿನ ಅವಳು ಕದಲದೆ ಕೂತಳು. ಮೂಗು ತುರಿಸಿತು, ಕಾಲು ಜೋಮು ಹಿಡಿಯಿತು, ಹಸಿವಾಯಿತು. ಅವಳು ಯಾವುದನ್ನೂ ಲೆಕ್ಕಿಸಲಿಲ್ಲ. ಹಿಡಿ ಹೂವಿನಷ್ಟು ಹಗುರ, ಆದರೆ ಜೀವಂತ. ಚರ್ಮದ ಮೇಲೆ ಟಿಕಟಿಕನೆ ಬಡಿಯುವ ಎದೆ. ಯಂತ್ರದ ಪರದೆಯಲ್ಲಿ ಅಂಕಿಗಳು ತಾವಾಗಿ ಏರಿ ನಿಂತವು. ಮರುದಿನ ಗಂಡನ ಸರದಿ. ಅವನು ಅಂಗಿ ಬಿಚ್ಚಿದಾಗ ಎದೆಯ ಕೂದಲಿನಿಂದ ಹಿಟ್ಟು ಉದುರಿತು. ನರ್ಸು ಬಾಗಿಲು ತೋರಿಸಿ, "ಹೋಗಿ ಸ್ನಾನ ಮಾಡ್ಕೊಂಡು ಬನ್ನಿ. ಮಗು ಹೊರಳಿಸೋಕೆ ಇದೇನು ರೊಟ್ಟಿ ಹಲಗೆನಾ?" ಎಂದ.

ಅತ್ತೆಯನ್ನೂ ಒಳಗೆ ಬಿಟ್ಟರು. ಅವಳು ಮೊಣಕೈವರೆಗೆ ಕೈ ತೊಳೆದು, ಉಗುರಿನ ಸಂದಿಯನ್ನೂ ಉಜ್ಜಿ, ಗಾಜಿನ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. ಯಾರೂ ಅವಳನ್ನು ಅವಸರಪಡಿಸಲಿಲ್ಲ. ಅವಳು ಒಂದನ್ನಲ್ಲ, ಎರಡು ಮಕ್ಕಳನ್ನು ನೋಡುತ್ತಿದ್ದಾಳೆಂದು ಮಗ ಸೊಸೆಗೆ ಗೊತ್ತಿತ್ತು. ಕೊನೆಗೆ ಹೇಳಿದಳು: "ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ಇದು ಹೆಗ್ಗಣಾನೂ ಅಲ್ಲ, ಸುಂಡಿಲಿ. ಆದ್ರೂ ಮೂಗು ಮಾತ್ರ ನಂದೇ."

ಬೇಕರಿಯಲ್ಲಿ ಗಿರಾಕಿಗಳು ಬ್ರೆಡ್ಡು ಕೇಳುವ ಮೊದಲು "ಇವತ್ತು ತೂಕ ಎಷ್ಟಾಯ್ತು?" ಎಂದು ಕೇಳುತ್ತಿದ್ದರು. ಗಂಡ ಬಾಯಲ್ಲಿ ಹೇಳುವ ಬದಲು ಕಪಾಟಿನ ಒಂದು ಬ್ರೆಡ್ಡನ್ನು ಬೆರಳಿಟ್ಟು ತೋರಿಸುತ್ತಿದ್ದ. ಮೊದಲು ಚಿಕ್ಕ ಬ್ರೆಡ್ಡು ದಾಟಿತು. ಒಂದು ವಾರ ಸೋಂಕು ತಗುಲಿ ತೂಕ ಇಳಿದಾಗ ಅವನು ಯಾರಿಗೂ ಏನನ್ನೂ ತೋರಿಸದೆ ತಲೆ ತಗ್ಗಿಸಿ ಕೆಲಸ ಮಾಡಿದ, ಗಿರಾಕಿಗಳೂ ಕೇಳಲಿಲ್ಲ. ಆಮೇಲೆ ದೊಡ್ಡ ಬ್ರೆಡ್ಡು. ಉಸಿರಿನ ಯಂತ್ರ ಹೋಗಿ ಮೂಗಿನ ಪುಟ್ಟ ನಳಿಕೆ ಬಂದ ದಿನ ಎರಡು ಬ್ರೆಡ್ಡು ಜೋಡಿಸಿಟ್ಟ. ಎರಡು ಕಿಲೋ ಮುಟ್ಟಿದ ದಿನ ಅಷ್ಟು ದೊಡ್ಡ ಬ್ರೆಡ್ಡೇ ಅಂಗಡಿಯಲ್ಲಿರಲಿಲ್ಲ. ಹಾಗಾಗಿ ಒಂದನ್ನು ಹೊಸದಾಗಿ ಸುಟ್ಟು, ಬೆಣ್ಣೆ ಹಚ್ಚಿ, ಬಂದವರಿಗೆಲ್ಲ ಒಂದೊಂದು ತುಂಡು ಹಂಚಿದ. ಇತಿಹಾಸದ ಮೇಷ್ಟ್ರು ಎರಡು ತುಂಡು ತಿಂದರು. "ಮೂರನೇ ಗೇರಿನದ್ದೊಂದು, ನಂದೊಂದು" ಎಂದರು.

ಮಗು ಹುಟ್ಟಬೇಕಿದ್ದ ದಿನಗಳಲ್ಲಿ ಚಿಟಿಕೆಯನ್ನು ಮನೆಗೆ ಕಳಿಸಿದರು. ಕಾರು ಓಡಿಸಿದವಳು ಬ್ರೇಕಮ್ಮನೇ. ಬೇರೆ ಯಾರ ಕೈಗೂ ಕೊಡಲು ಅವಳು ಒಪ್ಪಲಿಲ್ಲ. ಹಿಂದಿನ ಸೀಟಿನಲ್ಲಿ ಮಗು, ಒಂದು ಪಕ್ಕ ಗಂಡ, ಇನ್ನೊಂದು ಪಕ್ಕ ಅತ್ತೆ. ಕಾರು ಬಸವನಹುಳುವಿನ ಹಾಗೆ ತೆವಳಿತು. ಸೈಕಲ್ಲಿನವರು ಹಿಂದಿಕ್ಕಿದರು. ತರಕಾರಿ ಚೀಲ ಹಿಡಿದು ನಡೆಯುತ್ತಿದ್ದ ಮುದುಕನೊಬ್ಬನೂ ಹಿಂದಿಕ್ಕಿ, ಕಿಟಕಿಯೊಳಗೆ ಇಣುಕಿ, "ಕೆಟ್ಟೋಯ್ತಾ?" ಎಂದು ಕೇಳಿದ.

"ಇಲ್ಲ, ಸರಿಯಾಯ್ತು!" ಎಂದಳು ಅತ್ತೆ.

ಎಲ್ಲವೂ ಹೂವೆತ್ತಿದಷ್ಟು ಸುಲಭವಾಯಿತೆಂದಲ್ಲ. ಕಣ್ಣಿಗೆ ಲೇಸರ್ ಚಿಕಿತ್ಸೆ ಆಗಿತ್ತು. ಚಿಟಿಕೆಗೆ ವರ್ಷ ತುಂಬುವಷ್ಟರಲ್ಲೇ ದಪ್ಪ ಕನ್ನಡಕ ಬಂತು. ಬಲಗಾಲು ಡಾಕ್ಟರು ಹೇಳಿದಂತೆಯೇ ಸ್ವಲ್ಪ ಮೊಂಡು ಮಾಡಿತು. ಓರಗೆಯ ಮಕ್ಕಳು ಓಡುವಾಗ ಅವಳು ಗೋಡೆ ಹಿಡಿದು ನಿಲ್ಲುತ್ತಿದ್ದಳು. ವಾರಕ್ಕೆ ಎರಡು ಸಲ ವ್ಯಾಯಾಮ ಮಾಡಿಸುವವರ ಬಳಿ ಕರೆದೊಯ್ಯಬೇಕಿತ್ತು. ಬ್ರೇಕಮ್ಮ ಪಾಠಗಳನ್ನು ಅರ್ಧಕ್ಕೆ ಇಳಿಸಿದಳು. ಬಳಲಿಕೆಯಲ್ಲಿ ಒಮ್ಮೊಮ್ಮೆ ಅಡುಗೆಮನೆಯಲ್ಲಿ ನಿಂತಲ್ಲೇ ತೂಕಡಿಸುತ್ತಿದ್ದಳು. ಆದರೆ ಬಾಯಿ ಮಾತ್ರ ಚಿಟಿಕೆಗೆ ಕಾಲಿಗಿಂತ ಮೊದಲೇ ಬಂತು. ಅತ್ತೆಯ ಬಾಯಿ.

ಚಿಟಿಕೆಗೆ ಎರಡು ವರ್ಷವಾದಾಗ ಡಾಕ್ಟರು ಬ್ರೇಕಮ್ಮನಿಗೆ ಫೋನು ಮಾಡಿದರು. "ಇಲ್ಲೊಂದು ಜೋಡಿ ಇದೆ ಅಕ್ಕಾ. ನಿಮ್ಮ ಹಾಗೇ ಮಧ್ಯದಲ್ಲಿ ಇದ್ದಾರೆ. ಅನುಭವಿಸಿದವರ ಹತ್ರ ಮಾತಾಡ್ಬೇಕಂತೆ. ಬರ್ತೀರಾ?"

ಅವಳು ಹೋದಳು. ಮಗುವಿನ ಫೋಟೋವನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಹೋದಳು. ಮಂಚದ ಮೇಲಿದ್ದ ಹುಡುಗಿ ಅವಳನ್ನು ಕಂಡೊಡನೆ "ನೀವು ಹೇಳಿ, ನಾವೇನು ಮಾಡ್ಬೇಕು?" ಎಂದಳು.

"ಅದನ್ನ ನಾನು ಹೇಳಲ್ಲಮ್ಮ. ನನ್ನ ಮಗಳು ಉಳಿದ್ಲು ಅಂತ ನಿಮ್ಮದೂ ಉಳಿಯುತ್ತೆ ಅಂತಿಲ್ಲ. ಯಂತ್ರಗಳ ಕೋಣೆ ಹೇಗಿರುತ್ತೆ ಅಂತ ಬೇಕಾದ್ರೆ ಹೇಳ್ತೀನಿ. ಮಗುನ ಸುಮ್ಮನೆ ಎತ್ಕೊಂಡು ಕೂರೋ ಕೋಣೆ ಹೇಗಿರುತ್ತೆ ಅಂತಾನೂ ಗೊತ್ತು. ಯಾವುದು ಬೇಕು ಕೇಳು."

ಅವರು ಕೇಳಿದರು, ಅವಳು ಹೇಳಿದಳು. ಸೂಜಿಗಳನ್ನು, ಕುಂಯ್ ಎನ್ನುವ ಯಂತ್ರವನ್ನು, ದೊಡ್ಡ ಕಿಟಕಿಯ ಕೋಣೆಯಲ್ಲಿ ಬಿದ್ದ ಬಿಸಿಲನ್ನು. ಆ ಜೋಡಿ ಕಿಟಕಿಯ ಕೋಣೆಯನ್ನು ಆರಿಸಿಕೊಂಡಿತು. ಮಗುವನ್ನು ಎತ್ತಿಕೊಂಡು ಹಾಡಿದರಂತೆ. ಆಮೇಲೆ ಎಷ್ಟೋ ಜನ ಬಂದರು. ಕೆಲವರು ಆ ದಾರಿ, ಕೆಲವರು ಈ ದಾರಿ. ಬ್ರೇಕಮ್ಮ ಎರಡೂ ದಾರಿಯವರ ಮನೆಗೂ ಒಂದೇ ಬಗೆಯ ಬಿಸಿ ಬ್ರೆಡ್ಡು ತಗೊಂಡು ಹೋಗಿ ಬರುತ್ತಾಳೆ.

ಈಗ ಚಿಟಿಕೆಗೆ ನಾಲ್ಕು ವರ್ಷ. ಎರಡೂ ಕಾಲನ್ನು ಒಟ್ಟಿಗೆ ನೆಲದಿಂದ ಎತ್ತಿ ನೆಗೆಯುವುದು ಅವಳಿಗೆ ಇನ್ನೂ ಬಂದಿರಲಿಲ್ಲ. ಬಲಗಾಲು ಪ್ರತಿ ಸಲ ಹಿಂದೆ ಉಳಿಯುತ್ತಿತ್ತು. ವ್ಯಾಯಾಮದವರು "ಬರುತ್ತೆ, ಯಾವಾಗ ಅಂತ ಕೇಳಬೇಡಿ" ಎಂದಿದ್ದರು. ಹೋದ ಭಾನುವಾರ ಬೆಳಗ್ಗೆ, ಯಾರೂ ಏನೂ ಹೇಳದೆ, ಅವಳು ಅಡುಗೆಮನೆಯ ನಡುವೆ ಬಂದು ನಿಂತು, ಕನ್ನಡಕ ಸರಿಮಾಡಿಕೊಂಡು, ಮೊಣಕಾಲು ಬಗ್ಗಿಸಿ, ಟಪ್ ಎಂದು ನೆಗೆದಳು. ಎರಡೂ ಕಾಲು! ನೆಲಕ್ಕೂ ಪಾದಕ್ಕೂ ನಡುವೆ ಒಂದು ಚಪಾತಿಯ ದಪ್ಪದಷ್ಟು ಸಂದು.

"ಅಮ್ಮಾ, ನಾನು ಹಾರ್ದೆ!"

"ಇನ್ನೊಂದ್ಸಲ!" ಎಂದಳು ಬ್ರೇಕಮ್ಮ, ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು.

ಟಪ್. ಇನ್ನೊಂದು ಸಲ, ಟಪ್. ಅಪ್ಪನನ್ನು ಕೂಗಿ ಕರೆದು ತೋರಿಸಿದಳು. ತೋರಿಸಿದ್ದು ಸಾಲದೆ "ನೀನೂ ಹಾರು" ಎಂದಳು. ಹಾರಿದ. ಅಮ್ಮನೂ ಹಾರಬೇಕಾಯಿತು. "ಅಜ್ಜೀ, ನೀನೂ!" ಅತ್ತೆ ಮೊಣಕಾಲು ನೋವೆಂದು ನೆವ ಹೇಳಿದಳು. ಚಿಟಿಕೆ ಸೊಂಟದ ಮೇಲೆ ಕೈಯಿಟ್ಟು "ನಂಗೂ ಕಾಲು ನೋವು. ನಾನು ಹಾರಿಲ್ವಾ?" ಎಂದಳು. ಅತ್ತೆ ಮೇಜು ಹಿಡಿದುಕೊಂಡು ಹಾರಿದಳು. ಕಪಾಟಿನ ಲೋಟಗಳೆಲ್ಲ ಗಲಗಲ ಎಂದವು. ಪಕ್ಕದ ಮನೆಯ ದರ್ಜಿ ಗೋಡೆ ಬಡಿದ. ಸದ್ದು ನಿಲ್ಲಲಿಲ್ಲವೆಂದು ಕೊರಳಿಗೆ ಅಳತೆಯ ಟೇಪು ನೇತುಹಾಕಿಕೊಂಡು ಜಗಳಕ್ಕೇ ಬಂದ.

"ಏನ್ರೀ ಇದು? ಮನೆ ಬೀಳಿಸ್ತೀರಾ?"

ಕನ್ನಡಕದ ಹುಡುಗಿ ಅವನ ಮುಂದೆ ಬಂದು ನಿಂತು, ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಚಪ್ಪಲಿ ಬಿಟ್ಟು ಹಾರಿ" ಎಂದಳು.

ದರ್ಜಿ ಎಲ್ಲರ ಮುಖವನ್ನೂ ನೋಡಿದ. ಆಮೇಲೆ ಚಪ್ಪಲಿ ಬಿಟ್ಟ.